ಕನ್ನಡಿಯೊಳಗಿನ ಮಡಗಾರ್ಡು

ಬೆಟಗೇರಿಯ ಒಂದು ತಗಡಿನ ಶೆಡ್ಡಿನಲ್ಲಿ ನನ್ನ ತಂಗಿಯ ಮೊಮ್ಮಗ ಹಳೆಯ ಕಾರುಗಳಿಗೆ ಫೈಬರ್‌ಗ್ಲಾಸಿನ ಬಾನೆಟ್ಟು, ಮಡಗಾರ್ಡು ಮಾಡಿಕೊಡುತ್ತಾನೆ. ಕಂಪನಿಗಳು ಎಂದೋ ಕೈಬಿಟ್ಟ ಗಾಡಿಗಳವು, ಅವುಗಳ ಬಿಡಿಭಾಗ ಈಗ ಎಲ್ಲಿಯೂ ಸಿಗುವುದಿಲ್ಲ. ಅವನು ಅಚ್ಚಿನ ಮೇಲೆ ಗಾಜಿನ ನೂಲಿನ ಬಟ್ಟೆ ಹಾಸಿ, ಅಂಟು ಸವರಿ, ಅದರ ಮೇಲೆ ಇನ್ನೊಂದು ಪದರ ಹಾಸುತ್ತಾನೆ. ಆ ವಾಸನೆ ನನಗೆ ಆಗದೆಂದು ಬಾಗಿಲಲ್ಲೇ ಕುರ್ಚಿ ಹಾಕಿಕೊಡುತ್ತಾನೆ. ಅವನ ಬೆರಳು ಬಟ್ಟೆಯ ಸುಕ್ಕು ತೀಡುವುದನ್ನು ನೋಡುತ್ತ ಕೂತರೆ ನನಗೆ ಜೊಂಪು ಹತ್ತುತ್ತದೆ. ಆ ಜೊಂಪಿನಲ್ಲಿ ಲಕ್ಷ್ಮೇಶ್ವರದ ನಮ್ಮ ಅಂಗಳ ತಾನಾಗಿ ಬಂದು ನಿಲ್ಲುತ್ತದೆ.

ನಮ್ಮಪ್ಪ ಸಂಸ್ಥಾನದ ಕಚೇರಿಯಲ್ಲಿ ಕಾರಕೂನರಾಗಿದ್ದರು. ಸ್ವಾತಂತ್ರ್ಯ ಬಂದ ಮರುವರ್ಷ ಸಂಸ್ಥಾನ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. ಅಪ್ಪನ ಮೇಲಿನ ಸಾಹೇಬರು ಕೃಷ್ಣಾ ತೀರದ, ಮರಾಠಿ ಸೀಮೆಯ ತಮ್ಮೂರಿಗೆ ಹೊರಟು ನಿಂತರು. ಅಲ್ಲಿ ಅವರ ಮನೆ ಇನ್ನೂ ಕಟ್ಟಿ ಮುಗಿದಿರಲಿಲ್ಲ. ತಮ್ಮ ಕರಿಯ ಕಾರನ್ನು ನಮ್ಮ ಅಂಗಳದ ಬೇವಿನ ಗಿಡದ ಕೆಳಗೆ ನಿಲ್ಲಿಸಿ, "ಮನಿ ಆದಮ್ಯಾಲೆ ಕರಸ್ಕೋತೀನಿ. ಅಲ್ಲೀತನಕ ನಿಮ್ಮ ಹತ್ರ ಇರಲಿ, ರಾಯರ" ಎಂದು ಹೇಳಿ ಹೋದರು. ವರ್ಷಗಳು ಕಳೆದವು. ಅವರೂ ಬರಲಿಲ್ಲ, ಕಾರನ್ನೂ ಕರೆಸಿಕೊಳ್ಳಲಿಲ್ಲ.

ಬರುತ್ತಿದ್ದವರು ಆ ಕಾರಿನ ಹಳೆಯ ಡ್ರೈವರು. ನಾನು ಅವರಿಗೆ ಚಾಚಾ ಎನ್ನುತ್ತಿದ್ದೆ. ಯುದ್ಧದ ಕಾಲಕ್ಕೆ ಸೈನ್ಯದ ಲಾರಿ ನಡೆಸಿ ಬಂದಿದ್ದ ಅವರು ಈಗ ಶಿರಹಟ್ಟಿಯ ಕಡೆ ಬಸ್ಸು ನಡೆಸುತ್ತಿದ್ದರು. ಬಿಡುವಿದ್ದ ಬೆಳಿಗ್ಗೆ ಬಂದು ಕಾರನ್ನು ಒರೆಸಿ, ಎಂಜಿನ್ನು ಚಾಲೂ ಮಾಡಿ, ಅದರ ಸದ್ದನ್ನು ತಲೆಬಾಗಿಸಿ ಕೇಳಿ ಹೋಗುತ್ತಿದ್ದರು. ಅಪ್ಪ ಕಟ್ಟೆಯ ಮೇಲೆ ಕೂತು ತಾವೂ ಕೇಳುತ್ತಿದ್ದರು. ಇಬ್ಬರಲ್ಲಿ ಮಾತು ಕಡಿಮೆ.

ನಾನಾಗ ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾಗಿ ಹೆಣ್ಣುಮಕ್ಕಳ ಶಾಲೆಯಲ್ಲಿ ಪಾಠ ಹೇಳುವ ಅಕ್ಕೋರಾಗಿದ್ದೆ. ಶಾಲೆ ಬಿಟ್ಟ ಮೇಲೆ ಆ ಕಾರಿನ ಹಿಂದಿನ ಸೀಟಿನಲ್ಲಿ ಕೂತು ಓದುತ್ತಿದ್ದೆ. ಚರ್ಮದ ಸೀಟು ಬಿಸಿಲಿಗೆ ಕಾದು ಬೆಲ್ಲದಂಥ ವಾಸನೆ ಬರುತ್ತಿತ್ತು. ಬೇವಿನ ಹೂವು ಗಾಜಿನ ಮೇಲೆ ಸದ್ದಿಲ್ಲದೆ ಉದುರುತ್ತಿದ್ದವು. ಪುಸ್ತಕದಿಂದ ಕಣ್ಣೆತ್ತಿದರೆ ಹೂವು ನಿಂತಿವೆ, ಕಾರೇ ಮೇಲಕ್ಕೆ ತೇಲುತ್ತಿದೆ ಎನ್ನಿಸುತ್ತಿತ್ತು.

ಒಂದು ವೈಶಾಖದ ಸಂಜೆ ದೊಡ್ಡ ಗಾಳಿ ಎದ್ದಿತು. ಬೇವಿನ ಟೊಂಗೆ ಮುರಿದು ಮುಂದಿನ ಎಡಗಾಲಿಯ ಮೇಲೆ ಬಿತ್ತು. ಗಾಲಿಯನ್ನು ಮುಚ್ಚಿದ್ದ ಆ ಉದ್ದನೆಯ, ಅಲೆಯಂತೆ ಬಾಗಿದ ಮಡಗಾರ್ಡು ಒಳಗೊಳಗೇ ತುಕ್ಕು ಹಿಡಿದಿತ್ತೋ ಏನೋ, ಹಪ್ಪಳದ ಹಾಗೆ ಚೂರಾಯಿತು. ಬೇರೆಲ್ಲಿಯೂ ಒಂದು ಗೀರು ಬಿದ್ದಿರಲಿಲ್ಲ.

ಅಪ್ಪ ಗದಗಿಗೆ ಹೋಗಿ ಬಂದರು. ಹುಬ್ಬಳ್ಳಿಗೂ ಹೋದರು. ಆ ಕಾರು ಮಾಡುವುದನ್ನು ಕಂಪನಿ ನಿಲ್ಲಿಸಿಬಿಟ್ಟಿದೆ ಎಂದರು ಅಂಗಡಿಯವರು. ತಗಡು ಬಡಿಯುವವನೊಬ್ಬ ಬಂದು ನೋಡಿ, ಆ ಬಾಗು ತನ್ನ ಕೈಯಲ್ಲಿ ಬರುವುದಿಲ್ಲ ಎಂದು ಹೇಳಿ ಚಹಾ ಕುಡಿದು ಹೋದ. ಅಪ್ಪನಿಗೆ ಊಟ ಸೇರದಾಯಿತು.

"ಮಂದೀ ವಸ್ತು" ಎನ್ನುತ್ತಿದ್ದರು. "ನಂಬಿ ಇಟ್ಟು ಹೋಗ್ಯಾರ. ನಾಳೆ ಬಂದು ನಿಂತರ ನಾ ಯಾವ ಮುಖಾ ತೋರಿಸ್ಲಿ?"

ಅವ್ವ ಆ ದಿನಗಳಲ್ಲಿ ಕಾಗದದ ಬುಟ್ಟಿ ಮಾಡುತ್ತಿದ್ದಳು. ರದ್ದಿ ಕಾಗದ ನೆನೆಹಾಕಿ, ಮೆಂತ್ಯದ ಹಿಟ್ಟು ಸೇರಿಸಿ ಒರಳಿನಲ್ಲಿ ರುಬ್ಬಿ, ಬೋರಲು ಹಾಕಿದ ಗಡಿಗೆಯ ಮೇಲೆ ಮೆತ್ತಿ ಒಣಗಿಸುವುದು ನಮ್ಮ ಕಡೆಯ ಹೆಂಗಸರಿಗೆಲ್ಲ ಗೊತ್ತಿದ್ದ ಕೆಲಸ. ಒಣಗಿದ ಮೇಲೆ ಗಡಿಗೆ ತೆಗೆದರೆ ಗಡಿಗೆಯ ಆಕಾರದ ಬುಟ್ಟಿ ಉಳಿಯುತ್ತದೆ. ಅವತ್ತು ಅವಳು ಬುಟ್ಟಿ ಬಿಡಿಸುತ್ತಿದ್ದಾಗ ಚಾಚಾ ಕಾರಿನ ಬಳಿ ಮುರಿದ ಚೂರುಗಳನ್ನು ಆರಿಸುತ್ತಿದ್ದರು. ಅವ್ವ ಬುಟ್ಟಿಯನ್ನೊಮ್ಮೆ, ಕಾರನ್ನೊಮ್ಮೆ ನೋಡಿದಳು.

"ಸಾಬರ, ಗಡಗಿ ಮ್ಯಾಲೆ ಬಡದ್ರ ಗಡಗಿ ಹಂಗ ಆಗ್ತದ. ಮಡಗಾರ್ಡ ಮ್ಯಾಲೆ ಬಡದ್ರ ಮಡಗಾರ್ಡ ಆಗೂದಿಲ್ಲೇನು?"

ಚಾಚಾ ನಗಲಿಲ್ಲ. "ಆಗಬಹುದ್ರಿ ಬಾಯಾರ" ಎಂದರು. "ಬರ್ಮಾದಾಗ ನಾ ನೋಡೀನಿ. ಸಣ್ಣ ವಿಮಾನದ ರೆಕ್ಕಿ ಸೈತ ಬರೇ ಅರಬೀದು, ಬಟ್ಟೀದು. ಮ್ಯಾಲೆ ಬಣ್ಣದಂಥಾದ್ದು ಏನೋ ಬಳೀತಿದ್ರು, ಅದು ಗಟ್ಟಿ ಆಗ್ತಿತ್ತು, ವಿಮಾನ ಹಾರತಿತ್ತು."

ಮೊದಲು ಕಾಗದದಿಂದಲೇ ಮಾಡಿದರು. ಅಪ್ಪನ ಪತ್ರಿಕೆಗಳ ರಾಶಿ ಒರಳಿಗೆ ಹೋಯಿತು. ಕನ್ನಡ ನಾಡು ಒಂದಾಗಬೇಕೆಂಬ ಸಭೆಗಳು, ಭಾಷಣಗಳು, ಅಪ್ಪ ಪೆನ್ಸಿಲಿನಿಂದ ಗೆರೆ ಎಳೆದಿದ್ದ ಸಾಲುಗಳು ಎಲ್ಲವೂ ನೆನೆದು ಬೂದುಬಣ್ಣದ ಮುದ್ದೆಯಾದವು. ಚೆನ್ನಾಗಿದ್ದ ಬಲಗಡೆಯ ಮಡಗಾರ್ಡಿನ ಮೇಲೆ ಬೂದಿ ಉದುರಿಸಿ, ಮುದ್ದೆಯನ್ನು ತಟ್ಟಿದೆವು. ಬಿಸಿಲಿಗೆ ಒಣಗಿದ ಮೇಲೆ ಮೆಲ್ಲಗೆ ಎಬ್ಬಿಸಿದರೆ, ತುಂಡಾಗದೆ ಇಡಿಯಾಗಿ ಬಂತು. ಅಪ್ಪ ಎರಡೂ ಕೈಯಲ್ಲಿ ಅದನ್ನು ಎತ್ತಿಕೊಂಡು ಎಡಗಡೆಗೆ ಹೋದರು. ಹಾಗಿಟ್ಟು ನೋಡಿದರು, ಹೀಗಿಟ್ಟು ನೋಡಿದರು. ಹೊರಗಿರಬೇಕಾದ ಅಂಚು ಎಂಜಿನ್ನಿನ ಕಡೆಗೇ ತಿರುಗುತ್ತಿತ್ತು.

"ಇದೂ ಬಲಗಡೀದಽ ಆತಲ್ರಿ, ರಾಯರ" ಎಂದರು ಚಾಚಾ.

ಅವ್ವ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ಬಲಗೈಯ ಮೇಲೆ ಅಚ್ಚು ತೆಗೆದರೆ ಎಡಗೈ ಹೇಗೆ ಬಂದೀತು? ನಮಗೆ ಯಾರಿಗೂ ಅದು ಹೊಳೆದೇ ಇರಲಿಲ್ಲ. ಆ ಮಡಗಾರ್ಡನ್ನು ಗೋಡೆಗೆ ಒರಗಿಸಿಟ್ಟೆವು. ಮಧ್ಯಾಹ್ನ ಕರು ಕಣ್ಣಿ ಬಿಚ್ಚಿಕೊಂಡು ಬಂದು, ಮೆಂತ್ಯದ ಆಸೆಗೆ ಅದರ ಅರ್ಧವನ್ನು ತಿಂದುಬಿಟ್ಟಿತು. ಅಪ್ಪನೂ ಆಗ ನಕ್ಕರು. ಟೊಂಗೆ ಬಿದ್ದ ಮೇಲೆ ಅವರು ನಕ್ಕದ್ದು ಅದೇ ಮೊದಲು.

ಎಡದ ಆಕಾರ ಬೇಕು, ಎಡದ್ದಂತೂ ಇಲ್ಲ. ಅವ್ವ ಅದನ್ನೇ ಯೋಚಿಸುತ್ತಿದ್ದಳು. ಮರುದಿನ ನಾನು ಕನ್ನಡಿಯ ಮುಂದೆ ಕೂತು ಬೈತಲೆ ತೆಗೆಯುತ್ತಿದ್ದೆ. ಅವಳು ಹಿಂದೆ ಬಂದು ನಿಂತು ತುಂಬ ಹೊತ್ತು ನೋಡಿದಳು. ಆಮೇಲೆ, "ಊರಾಗ ಎಲ್ಲಾದರೂ ದೊಡ್ಡ ಕನ್ನಡಿ ಅದ ಏನು? ಆಳೆತ್ತರದ್ದು?" ಎಂದು ಕೇಳಿದಳು.

ಆಳೆತ್ತರದ ಕನ್ನಡಿ ಇದ್ದದ್ದು ಊರಲ್ಲಿ ಮೊಕ್ಕಾಂ ಮಾಡಿದ್ದ ನಾಟಕ ಕಂಪನಿಯಲ್ಲಿ. ಅವರ ಆಟ ರಾತ್ರಿ, ಹಗಲಿಗೆ ಕನ್ನಡಿ ಖಾಲಿ. ಚಾಚಾ ಹೋಗಿ ಮಾತಾಡಿ, ಎತ್ತಿನ ಗಾಡಿಯಲ್ಲಿ ಹುಲ್ಲು ಹಾಸಿ ತಂದರು. ಅದನ್ನು ಬಲಗಡೆಯ ಮಡಗಾರ್ಡಿನ ಎದುರು ನೆಟ್ಟಗೆ ನಿಲ್ಲಿಸಿ, ಅಲುಗದಂತೆ ಹಿಡಿಯುವ ಕೆಲಸ ನನ್ನದಾಯಿತು. ಶಾಲೆಗೆ ಬೇಸಿಗೆ ರಜೆ.

ಕನ್ನಡಿಯೊಳಗೆ ಎಡದ ಮಡಗಾರ್ಡು ಇತ್ತು.

ನಾನು ಕನ್ನಡಿಯ ಅಂಚಿನಿಂದ ಇಣುಕಿ ನೋಡಿದ ಆ ಅಂಗಳ ನಮ್ಮದೇ ಆಗಿದ್ದರೂ ನಮ್ಮದಾಗಿರಲಿಲ್ಲ. ಬೇವಿನ ಗಿಡ ಈಚೆಗೆ ಬಂದಿತ್ತು, ಬಾವಿ ಆಚೆಗೆ ಹೋಗಿತ್ತು. ಕರು ಎಡಕ್ಕೆ ಬಾಲ ಬೀಸಿದರೆ ಅಲ್ಲಿಯ ಕರು ಬಲಕ್ಕೆ ಬೀಸುತ್ತಿತ್ತು. ಅಲ್ಲಿ ಟೊಂಗೆ ಬಿದ್ದೇ ಇರಲಿಲ್ಲ, ಮಡಗಾರ್ಡು ಕರ್ರಗೆ ಹೊಳೆಯುತ್ತ, ಹುಣಸೆಗಾಯಿಯಂತೆ ಬಾಗಿ ನಿಂತಿತ್ತು. ಅವ್ವ ಕುಂಬಾರರ ಮನೆಯಿಂದ ತರಿಸಿದ ಜೇಡಿಮಣ್ಣಿನ ರಾಶಿಯ ಮುಂದೆ ಕೂತು, ಕಣ್ಣನ್ನು ಕನ್ನಡಿಯಲ್ಲಿಟ್ಟು, ಕೈಯನ್ನು ಮಣ್ಣಿನಲ್ಲಿಟ್ಟು ಅದನ್ನು ಈಚೆಗೆ ತರುತ್ತಿದ್ದಳು. ಚಾಚಾ ದಾರದಿಂದ ಬಲಗಡೆ ಅಳೆದು ಮಣ್ಣಿಗೆ ಹಿಡಿಯುತ್ತಿದ್ದರು.

"ಇಲ್ಲಿ ಹೊಟ್ಟಿ ಸ್ವಲ್ಪ ಕಮ್ಮಿ ಐತ್ರಿ ಬಾಯಾರ."

"ನೀವು ದಾರಾ ಬಿಗದೀರಿ. ಬಿಟ್ಟು ನೋಡ್ರಿ."

"ಖರೆ. ಬರೋಬ್ಬರಿ ಐತಿ."

ಹೀಗೇ ದಿನಗಳು ಹೋದವು. ಸಂಜೆ ಕನ್ನಡಿ ವಾಪಸು ಹೋಗುವುದು, ಬೆಳಿಗ್ಗೆ ಬರುವುದು. ಚಾಚಾರಿಗೆಂದು ನಮ್ಮ ಮನೆಯ ಹೊರಗಿನ ಗೂಡಿನಲ್ಲಿ ಒಂದು ಬೇರೆ ಕಪ್ಪು ಇರುತ್ತಿತ್ತು. ಅವ್ವ, ಚಾಚಾ ಇಬ್ಬರ ಕೈಯೂ ಒಂದೇ ಮಣ್ಣಿನಲ್ಲಿದ್ದ ಆ ದಿನಗಳಲ್ಲಿ ಯಾವಾಗಲೋ ಆ ಕಪ್ಪು ಒಳಗಿನ ಕಪ್ಪುಗಳ ಜೊತೆ ಸೇರಿಹೋಯಿತು. ಯಾರು ಒಳಗೆ ತಂದರೆಂದು ನಾನು ಕೇಳಲಿಲ್ಲ, ಯಾರೂ ಹೇಳಲಿಲ್ಲ.

ಈ ಸಲ ಕಾಗದ ಬೇಡವೆಂದಳು ಅವ್ವ. ಮಳೆಗೆ ಕರಗುತ್ತದೆ, ಕರು ಬಿಟ್ಟರೆ ಇಲಿ ತಿನ್ನುತ್ತದೆ. ಅಪ್ಪ ಬೆಟಗೇರಿಯ ಮಗ್ಗದವರಿಂದ ದಪ್ಪನೆಯ ಬಿಳಿ ಬಟ್ಟೆ ತಂದರು. ಅದು ಸಾಲದಾದಾಗ ಅವ್ವ ತನ್ನ ಹಳೆಯ ಇಳಕಲ್ ಸೀರೆಯೊಂದನ್ನು ಹರಿದಳು. ಅಗಸಿ ಎಣ್ಣೆಗೆ ರಾಳದ ಪುಡಿ ಹಾಕಿ ಗಟ್ಟಿಯಾಗುವ ತನಕ ಕುದಿಸಿದೆವು. ಮಣ್ಣಿನ ಅಚ್ಚಿನ ಮೇಲೆ ಬಟ್ಟೆಯ ಪಟ್ಟಿ ಹಾಸುವುದು, ಎಣ್ಣೆ ಸವರುವುದು, ಸುಕ್ಕು ತೀಡುವುದು, ಒಣಗಲು ಬಿಡುವುದು. ಮತ್ತೆ ಪಟ್ಟಿ, ಮತ್ತೆ ಎಣ್ಣೆ. ನಡುವೆ ಬಿದಿರಿನ ಸೀಳು, ಬೋಲ್ಟು ಬರುವ ಕಡೆ ಕಬ್ಬಿಣದ ಪಟ್ಟಿ. ಇಡೀ ಬೀದಿಗೆ ಅಗಸಿಯ ವಾಸನೆ ಹಬ್ಬಿತ್ತು. ಬಿಸಿಲಿನಲ್ಲಿ ಒದ್ದೆ ಬಟ್ಟೆ ಜೇನಿನ ಬಣ್ಣಕ್ಕೆ ತಿರುಗುತ್ತಿತ್ತು. ಅದರೊಳಗೆ ಸೀರೆಯ ಕೆಂಪು ಅಂಚು ನೀರಿನಡಿಯ ಬಳ್ಳಿಯಂತೆ ಕಾಣುತ್ತಿತ್ತು. ಮೇಲೆ ಕರಿ ಬಣ್ಣ ಬಳಿಯಬೇಕಾದಾಗ ನನಗೆ ಮನಸ್ಸೇ ಬರಲಿಲ್ಲ.

ಮಣ್ಣಿನಿಂದ ಬಿಡಿಸಿದ್ದನ್ನು ಎಡಗಾಲಿಯ ಮೇಲಿಟ್ಟರೆ ಅದು ಸರಿಯಾಗಿ ಕೂತಿತು. ಚಾಚಾ ಬೋಲ್ಟು ಬಿಗಿದು ದೂರ ಸರಿದು ನಿಂತರು. ಅಪ್ಪ ಕಾರಿನ ಮುಂದೆ ನಿಂತು ಎಡ ಬಲ ನೋಡಿದರು. ಕಣ್ಣು ಒರೆಸಿಕೊಳ್ಳಲು ಒಳಗೆ ಹೋದರು.

ರಸ್ತೆಯ ಮೇಲೆ ಓಡಿಸಿ ನೋಡಬೇಕೆಂದರು ಚಾಚಾ. ಅಪ್ಪ ಹಿಂದೆ ಕೂತರು, ನಾನೂ ಹಿಂದೆ. ಅವ್ವನೂ ಹಿಂದಕ್ಕೆ ಬಂದಳು.

"ಬಾಯಾರ, ಮುಂದ ಕುಂಡ್ರಿ. ನಿಮ್ಮ ಕೆಲಸ ನೀವಽ ನೋಡಬೇಕು."

ಅವ್ವ ಅಪ್ಪನ ಮುಖ ನೋಡಿದಳು. ಅಪ್ಪ, "ಕೂಡು, ಕೂಡು" ಎಂದರು. ಎಷ್ಟೋ ವರ್ಷ ಅಂಗಳದಲ್ಲಿದ್ದ ಕಾರಿನಲ್ಲಿ ಅವಳು ಮೊದಲ ಸಲ ಕೂತಳು.

ಶಿರಹಟ್ಟಿ ದಾಟಿ ಮುಂಡರಗಿಗೆ ಹೋದೆವು. ಕಾರಿನಲ್ಲಿ ಹೋಗುವುದೆಂದರೆ ಹೊಲಗಳು ತಾವಾಗಿ ಬಂದು, ನಮ್ಮನ್ನು ನೋಡಿ ಹೋಗುವುದು ಎಂದು ನನಗೆ ಅವತ್ತು ಗೊತ್ತಾಯಿತು. ಅವ್ವ ಮಾತ್ರ ಹೊಲವನ್ನೂ ನೋಡಲಿಲ್ಲ, ಊರನ್ನೂ ನೋಡಲಿಲ್ಲ. ತನ್ನೆದುರಿಗೆ, ಗಾಜಿನ ಎಡ ಮೂಲೆಯಲ್ಲಿ ಕಾಣುತ್ತಿದ್ದ ಆ ಕರಿಯ ಬಾಗನ್ನೇ ನೋಡುತ್ತಿದ್ದಳು. ಕೆಟ್ಟ ರಸ್ತೆ ಬಂದಾಗಲೆಲ್ಲ ಅವಳ ಬೆರಳು ಸೆರಗನ್ನು ಬಿಗಿಯಾಗಿ ಹಿಡಿಯುತ್ತಿತ್ತು.

ತಿರುಗಿ ಬರುವಾಗ ಡೋಣಿಯ ಹತ್ತಿರ, ಕಪ್ಪತಗುಡ್ಡದ ಮೇಲಿನಿಂದ ಮಳೆ ಇಳಿಯಿತು. ಚಾಚಾ ಕಾರು ನಿಲ್ಲಿಸಿದರು.  ನೀರು ಗಾಜಿನ ಮೇಲೆ ಹರಿದು ಗುಡ್ಡ ಹಸಿರಾಗಿ ಕರಗತೊಡಗಿತು. ಅವ್ವ ಬಾಗಿಲು ತೆಗೆದು ಮಳೆಯಲ್ಲೇ ಇಳಿದಳು, ಎರಡು ಹೆಜ್ಜೆ ಮುಂದೆ ಎಡಗಾಲಿಯ ಬಳಿ ಹೋಗಿ ನಿಂತಳು. ಹನಿಗಳು ಅದರ ಮೇಲೆ ಬಿದ್ದು, ಕೆಸುವಿನ ಎಲೆಯ ಮೇಲೆ ಬಿದ್ದ ಹಾಗೆ ಉರುಳಿ ಹೋಗುತ್ತಿದ್ದವು. ಅವಳು ಅಂಗೈಯಿಂದ ಅದನ್ನು ಸವರಿದಳು. ಒದ್ದೆಯಾಗಿ ಒಳಗೆ ಬಂದು ಕೂತು, "ಹೊಡೀರಿ ಸಾಬರ, ಏನೂ ಆಗೂದಿಲ್ಲ" ಎಂದಳು. ಗದಗು ಮುಟ್ಟಿ, ಸೊರಟೂರಿನ ಮೇಲೆ ಊರು ಸೇರುವ ಹೊತ್ತಿಗೆ ದೀಪ ಹಚ್ಚಿದ್ದರು.

ನಾಡು ಒಂದಾದ ವರ್ಷ, ದಸರೆ ಮುಗಿದ ಮೇಲೆ ಸಾಹೇಬರು ಬಂದರು. ಕೂದಲು ಬೆಳ್ಳಗಾಗಿತ್ತು. ನವೆಂಬರ್ ಬಂದರೆ ಅವರ ಊರು ಒಂದು ರಾಜ್ಯ, ನಮ್ಮ ಊರು ಇನ್ನೊಂದು ರಾಜ್ಯ. ಅದಕ್ಕೆ ಮೊದಲೇ ಕಾರು ಒಯ್ಯುವುದು ಅವರ ಮನಸ್ಸಿನಲ್ಲಿತ್ತು. ಅವರು ಕೂರುವ ಮೊದಲೇ ಅಪ್ಪ ಎಲ್ಲ ಹೇಳಿಬಿಟ್ಟರು.

"ಟೊಂಗಿ ಬಿದ್ದು ಎಡಗಡೀದು ಹೋತ್ರಿ. ಈಗ ಇರೂದು ನಮ್ಮ ಮನಿಯಾಕಿ ಮಾಡಿದ್ದು."

ಸಾಹೇಬರು ಬೆರಳಿನ ಗೆಣ್ಣಿನಿಂದ ಬಲಗಡೆ ತಟ್ಟಿದರು, ಠಣ್ ಎಂದಿತು. ಎಡಗಡೆ ತಟ್ಟಿದರು. ಮೃದಂಗದ ಎಡದ ಬದಿಯಂಥ ಮೆತ್ತನೆಯ ಸದ್ದು. ಮತ್ತೆ ತಟ್ಟಿದರು, ಸುಮ್ಮನೆ ಕೇಳುವುದಕ್ಕೆ.

"ಯಾತರಿಂದ ಮಾಡೀರಿ, ವೈನಿ?" ಎಂದು ಅವ್ವನನ್ನು ಕೇಳಿದರು.

"ಸೀರಿಯಿಂದ್ರಿ" ಎಂದಳು ಅವ್ವ ಬಾಗಿಲ ಮರೆಯಿಂದ.

ಸಾಹೇಬರು ಕೈ ಮುಗಿದರು. ಮರುದಿನ ಚಾಚಾ ಕಾರನ್ನು ಅವರೂರಿಗೆ ನಡೆಸಿಕೊಂಡು ಹೋದರು. ಅಲ್ಲೇ ಇದ್ದುಬಿಡೆಂದು ಸಾಹೇಬರು ಕೇಳಿದರಂತೆ. "ನನ್ನ ಮನಿ ಲಕ್ಷ್ಮೇಶ್ವರದಾಗ ಐತ್ರಿ" ಎಂದು ಹೇಳಿ ರೈಲಿನಲ್ಲಿ ತಿರುಗಿ ಬಂದರು.

ಕಾರು ನಿಂತಿದ್ದ ಕಡೆ ನೆಲ ಆಯತಾಕಾರವಾಗಿ ಬೆಳ್ಳಗಿತ್ತು. ಕೆಲವು ದಿನ ಅಪ್ಪ ಅದನ್ನು ದಾಟದೆ ಸುತ್ತು ಹಾಕಿ ಬಾವಿಗೆ ಹೋಗುತ್ತಿದ್ದರು. ನಾನು ಓದಲು ಜಾಗ ಸಿಗದೆ ಮನೆಯೆಲ್ಲ ಅಲೆದೆ. ಅವ್ವ ಮಾತ್ರ, "ನನ್ನ ಸೀರಿ ಆ ಕಡೆ ಹೋತು ನೋಡು" ಎಂದು ಒಮ್ಮೆ ಹೇಳಿದಳು.

ಚಾಚಾ ತಂದ ಖಬರೇ ಬೇರೆ. "ಅಲ್ಲಿ ಮಂದಿ ಕೇಳಿದ್ರು ಬಾಯಾರ, ಈ ಹಳೇ ಗಾಡಿಗೆ ಹೊಸಾ ಮಡಗಾರ್ಡ ಎಲ್ಲಿ ಸಿಕ್ತು ಅಂತ. ಲಕ್ಷ್ಮೇಶ್ವರದ ಕಾರ್ಖಾನಿಯಾಗ ಅಂದೆ."

"ಅಯ್ಯ, ಕಾರ್ಖಾನಿ ಎಲ್ಲದ?"

"ಇಲ್ಲೇ ಐತಲ್ರಿ" ಎಂದು ಅವರು ಒರಳು ತೋರಿಸಿದರು.

ಮಾತು ಬಸ್ಸಿನ ಜೊತೆ ಊರೂರು ಸುತ್ತಿತು. ಚಳಿಗಾಲದಲ್ಲಿ ಮುಂಡರಗಿಯ ಡಾಕ್ಟರೊಬ್ಬರು ತಮ್ಮ ಹಳೆಯ ಕಾರು ತಂದು ಅಂಗಳದಲ್ಲಿ ನಿಲ್ಲಿಸಿದರು. ಅದರ ಹಿಂದಿನ ಡಿಕ್ಕಿಯ ಮುಚ್ಚಳ ತುಕ್ಕು ಹಿಡಿದು ತೂತು ಬಿದ್ದಿತ್ತು. ಅವತ್ತು ನಾನು ಶಾಲೆಯಲ್ಲಿ ಹೊಸ ರಾಜ್ಯದ ನಕಾಶೆ ಬರೆಸಿ ದಣಿದು ಮನೆಗೆ ಬಂದಿದ್ದೆ. ಅವ್ವ ಆ ಮುಚ್ಚಳವನ್ನು ಹೊಸಿಲ ಮೇಲೆ ಇಟ್ಟುಕೊಂಡು ಅದರ ಅಂಚನ್ನು ಬೆರಳಿನಿಂದ ತಡವುತ್ತಿದ್ದಳು. ನನ್ನನ್ನು ನೋಡಿದವಳೇ, "ಸೀರಿ ಬದಲಿಸಿ ಬಾರವಾ, ಅಗಸಿ ಎಣ್ಣಿ ಕುದಿಯಾಕ ಇಡಬೇಕು" ಎಂದಳು.