ಬಾಗಿಯ ಫೋನಿಗೆ ಇನ್ನೂ ವಯಸ್ಸಾಗಿಲ್ಲ

ಬೆಳಗಿನ ಐದು ಗಂಟೆ. ಮುಂಬಯಿ ಬಳಿಯ ಡೊಂಬಿವಲಿ ಪೂರ್ವದ ಗಲ್ಲಿಯೊಂದರಲ್ಲಿ, ತಮ್ಮ ಮೊಬೈಲ್ ರಿಪೇರಿ ಅಂಗಡಿಯ ಅರ್ಧ ಎತ್ತಿದ ಶಟರಿನ ಒಳಗೆ ಸರ್ವೋತ್ತಮ ಶೇರಿಗಾರ್ ಲ್ಯಾಪ್‌ಟಾಪ್ ಮುಂದೆ ಕೂತಿದ್ದಾರೆ. ಇಂಟರ್ನೆಟ್ ಚುರುಕಾಗಿರುವುದು ಈ ಹೊತ್ತಿನಲ್ಲಿ ಮಾತ್ರ. ಎದುರಿನ ಸ್ಟೂಲಿನಲ್ಲಿ ಕೂತವರು ಬಾಗಿ, ಘಣಸೋಲಿಯ ಆಸ್ಪತ್ರೆಯೊಂದರ ಆಯಾ. ಏಳೂವರೆಗೆ ಡ್ಯೂಟಿ. ಇವತ್ತಿನಿಂದ ಹಾಜರಿಯನ್ನು ಫೋನಿನ ಆ್ಯಪ್‌ನಲ್ಲೇ ಹಾಕಬೇಕು. ಆ ಆ್ಯಪ್ ಇವರ ನಾಲ್ಕು ವರ್ಷದ ಫೋನಿನಲ್ಲಿ ಕೂರಲೊಲ್ಲದು. ಹೊಸ ಫೋನ್ ತನ್ನಿ, ಇಲ್ಲದಿದ್ದರೆ ಕೆಲಸಕ್ಕೆ ಬೇರೆಯವರಿದ್ದಾರೆ ಎಂದು ಸೂಪರ್‌ವೈಸರ್ ಹೇಳಿಯಾಗಿದೆ.

“ಇದಕ್ಕೆ ಏನಾಗಿದೆ ಹೇಳಿ? ಸ್ಕ್ರೀನ್ ಸರಿ ಉಂಟು, ಬ್ಯಾಟರಿ ಸರಿ ಉಂಟು. ಚಂದದ ಫೋನನ್ನು ಯಾಕೆ ಬಿಸಾಡ್ಬೇಕು?” ಸರ್ವೋತ್ತಮ ಸಿಡುಕುತ್ತಾರೆ.

ಸಿಡುಕದೆ ಇನ್ನೇನು? ಮಾರಿದ ಕಂಪನಿ ಒಂದೂವರೆ ವರ್ಷಕ್ಕೇ ಕೈ ತೊಳೆದುಕೊಂಡಿದೆ. ಒಳಗಿನ ಆಂಡ್ರಾಯ್ಡ್ ಹಳೆಯದಾಗಿಯೇ ಉಳಿಯಿತು, ಹೊಸ ಆ್ಯಪ್‌ಗಳಿಗೆ ಅದು ಬೇಡವಾಯಿತು. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ! ಗಟ್ಟಿಮುಟ್ಟಾದ ಯಂತ್ರವನ್ನು ಕಸವೆಂದು ಸಾರುವ ಅಧಿಕಾರವನ್ನು ಈ ಕಂಪನಿಗೆ ಕೊಟ್ಟವರು ಯಾರು? ಊರೂರಿನ ಹವ್ಯಾಸಿಗಳು ಹಳೆಯ ಫೋನುಗಳಿಗೆಂದೇ ಹೊಸ ಆಂಡ್ರಾಯ್ಡ್ ಸಿದ್ಧಪಡಿಸಿ ಪುಕ್ಕಟೆ ಹಂಚುತ್ತಾರೆ. ಈ ಕಸುಬಿನವರು ಅದಕ್ಕೆ ‘ರೋಮ್’ ಎನ್ನುತ್ತಾರೆ. ಹಳೆಯದನ್ನು ಅಳಿಸಿ ಅದನ್ನು ತುಂಬುವುದೇ ಸರ್ವೋತ್ತಮರ ಕೆಲಸ.

ಕಾರ್ಕಳ ಕಡೆಯ ಇವರು ಹುಡುಗನಾಗಿದ್ದಾಗ ಠಾಣೆಯ ಹೋಟೆಲಿನಲ್ಲಿ ಲೋಟ ತೊಳೆದವರು, ರಾತ್ರಿಶಾಲೆಯಲ್ಲಿ ಹತ್ತನೇ ತರಗತಿ ಮುಗಿಸಿದವರು. ರಿಪೇರಿ ಕಲಿತದ್ದು ಉಲ್ಹಾಸನಗರದಲ್ಲಿ. ರೋಮ್ ಹಾಕಲು ಕಲಿತದ್ದು 2013ರಲ್ಲಿ, ನಿಘಂಟು ಪಕ್ಕದಲ್ಲಿಟ್ಟುಕೊಂಡು, ಇಂಟರ್ನೆಟ್‌ನ ಇಂಗ್ಲಿಷ್ ಓದಿ. ದಿನಕ್ಕೆ ಮೂರು ಫೋನಿನಂತೆ ಕಳೆದ ನಾಲ್ಕು ವರ್ಷದಲ್ಲೇ ಮೂರು ಸಾವಿರ ದಾಟಿದೆ. ಕೇಳಿದರೆ ಮಾತ್ರ ಬೇರೆಯೇ ಸಂಖ್ಯೆ ಹೇಳುತ್ತಾರೆ: “ನನ್ನ ಕೈಯಲ್ಲಿ ಸತ್ತದ್ದು ಏಳು.”

ಮೊದಲು ಸತ್ತದ್ದು ಮುಂಬ್ರಾದ ರಿಕ್ಷಾ ಚಾಲಕನ ಫೋನು. ಹಿಂದಿನ ಮುಚ್ಚಳದ ಮೇಲಿದ್ದ ಮಾಡೆಲ್ ನಂಬರ್ ನಂಬಿ ರೋಮ್ ತುಂಬಿದರು. ಮುಚ್ಚಳವೋ ಮಾರ್ಕೆಟ್ಟಿನಲ್ಲಿ ಬದಲಾಯಿಸಿದ್ದು, ಬೇರೆ ಮಾಡೆಲಿನದು. ಫೋನು ಮತ್ತೆ ಕಣ್ಣು ಬಿಡಲಿಲ್ಲ. ಸರ್ವೋತ್ತಮ ತಮ್ಮ ಫೋನನ್ನೇ ಕೊಟ್ಟು ಕಳಿಸಿದರು. ಅಂದಿನಿಂದ ಒಳಗಿನ ಬೋರ್ಡಿನ ನಂಬರ್ ಓದದೆ ಅವರು ಯಾವ ಫೋನಿಗೂ ಕೈ ಹಾಕುವುದಿಲ್ಲ.

ಈಗಲೂ ಸ್ಕ್ರೂ ಬಿಚ್ಚಿ ಓದುತ್ತಾರೆ. ಮುಚ್ಚಳದ ನಂಬರಿಗೆ ತಾಳೆಯಾಗುವುದಿಲ್ಲ, ಮುಖ ಗಂಟಿಕ್ಕುತ್ತದೆ.

“ಬಾಗಿಯಕ್ಕ, ಈ ಮುಚ್ಚಳ ಯಾವಾಗ ಹಾಕ್ಸಿದ್ದು?”

“ಮಗಳ ಮದುವೆಗೆ. ಚಂದ ಕಾಣ್ಲಿ ಅಂತ.”

“ನಿಮ್ಮ ಚಂದ ಇವತ್ತು ನಿಮ್ಮ ಕೆಲಸವನ್ನೇ ತಿಂತಿತ್ತು ಮಾರಾಯ್ರೆ!”

ಮುಚ್ಚಳದ ನಂಬರ್ ನೋಡಿ ಇಳಿಸಿಟ್ಟಿದ್ದ ರೋಮ್ ನಿರುಪಯೋಗಿ. ಸರಿಯಾದದ್ದನ್ನು ಹುಡುಕಿ ಇಳಿಸುವಷ್ಟರಲ್ಲಿ ಆರು ಗಂಟೆ. ಮದುವೆಯ ಫೋಟೋಗಳನ್ನು ಲ್ಯಾಪ್‌ಟಾಪಿಗೆ ತೆಗೆದಿಟ್ಟು ಹಳೆಯದನ್ನು ಅಳಿಸುತ್ತಾರೆ. ಕಪ್ಪು ಪರದೆಯ ಮೇಲೆ ಚಕ್ರ ತಿರುಗುತ್ತಲೇ ಇದೆ. ಬಾಗಿ ಸೆರಗಿನ ತುದಿ ಹಿಂಡುತ್ತಿದ್ದಾರೆ. ಇಪ್ಪತ್ತು ವರ್ಷ ರೋಗಿಗಳ ಹಾಸಿಗೆ ಬದಲಾಯಿಸಿದ ಹೆಂಗಸು ಒಂದು ಆ್ಯಪ್‌ಗೆ ಹೆದರಿ ಕೂರಬೇಕಾಗಿ ಬಂತಲ್ಲ! ಆರೂಕಾಲಿಗೆ ಫೋನು ಎಚ್ಚರಾಗುತ್ತದೆ, ಆ್ಯಪ್ ಕೂರುತ್ತದೆ, ಫೋಟೋಗಳು ವಾಪಸಾಗುತ್ತವೆ. ಬಾಗಿ ಠಾಣೆಯ ಲೋಕಲ್ ರೈಲು ಹಿಡಿಯಲು ಓಡುತ್ತಾರೆ.

ಏಳೂ ಇಪ್ಪತ್ತೆಂಟಕ್ಕೆ ಕರೆ ಬರುತ್ತದೆ. “ಹಾಜರಿ ಬಿತ್ತು ಸರ್ವೋತ್ತಮಣ್ಣ! ಹೊಸ ಫೋನಾ ಅಂತ ಕೇಳಿದ ಸೂಪರ್‌ವೈಸರ್. ಅಲ್ಲ, ಅದೇ ಹಳೇದು ಅಂದೆ.”

ಸರ್ವೋತ್ತಮ ಮೊದಲ ಬಾರಿಗೆ ನಗುತ್ತಾರೆ. ಏನಾದರೂ ಆಸೆ ಇದೆಯೇ ಎಂದು ಕೇಳಿದರೆ ನಗು ಮಾಯ.

“ಎಷ್ಟು ವರ್ಷ ನೋಡಿಕೊಳ್ತೇವೆ ಅಂತ ಕಂಪನಿಯವರು ಫೋನಿನ ಡಬ್ಬಿ ಮೇಲೆ ಬರೀಲಿ. ಹಾಲಿನ ತೊಟ್ಟೆ ಮೇಲೂ ತಾರೀಕು ಇರ್ತದೆ. ಅಷ್ಟು ಮರ್ಯಾದೆ ಬಾಗಿಯಕ್ಕನಂಥವರಿಗೂ ಕೊಡ್ಲಿ.”