ಕಿವಾಳ ಸೊಟ್ಟ ಬುಟ್ಟಿ

ನನ್ನ ಓರಗಿತ್ತಿ ಕಿವಾಳ ಬಗ್ಗೆ ಒಳ್ಳೆಯ ಮಾತನ್ನು ಮೊದಲೇ ಆಡಿ ಮುಗಿಸುತ್ತೇನೆ: ಕೆಲಸಗಾತಿ. ಜಪಾನಿನ ಐಜು ಬೆಟ್ಟದ ನಮ್ಮೂರಲ್ಲಿ ಹಿಮ ಬಿದ್ದು ದಾರಿ ಮುಚ್ಚಿತೆಂದರೆ ಹೆಂಗಸರೆಲ್ಲ ಕಾಡುದ್ರಾಕ್ಷಿ ಬಳ್ಳಿಯ ತೊಗಟೆ ನೆನೆಸಿಕೊಂಡು ಬುಟ್ಟಿ ಹೆಣೆಯಲು ಕೂರುತ್ತೇವೆ. ಅವಳು ತುಟಿ ಎರಡು ಮಾಡದೆ ಹೆಣೆಯುತ್ತಾಳೆ, ಹೆಣೆದದ್ದು ಗಟ್ಟಿ. ಅಂಚು ಮಾತ್ರ ಸೊಟ್ಟ. ನನ್ನ ಅಂಚು ನೋಡಿ, ಆಮೇಲೆ ಅವಳದ್ದು ನೋಡಿ!

ಒಂದು ಚಳಿಗಾಲ ಇಬ್ಬರೂ ನಮ್ಮತ್ತೆ ತೋಮೆಯವರಿಗೆ ಒಂದೊಂದು ಕೈಬುಟ್ಟಿ ಹೆಣೆದು ಕೊಟ್ಟೆವು. ಅತ್ತೆ ಕಿವಾಳದ್ದನ್ನು ತೋಳಿಗೆ ಸಿಕ್ಕಿಸಿಕೊಂಡವರು ಸಾಯುವ ತನಕ ಇಳಿಸಲಿಲ್ಲ. ಸಂತೆಗೆ ಅದು, ಊರ ಬಿಸಿನೀರಿನ ಬುಗ್ಗೆಗೆ ಸ್ನಾನಕ್ಕೆ ಹೋದರೂ ಅದು, ಮೂಲಂಗಿ ಕೀಳಲು ಹೊಲಕ್ಕೂ ಅದೇ. ಹೆತ್ತವರಿಗೆ ಹೆಗ್ಗಣ ಮುದ್ದು, ಸರಿ, ಅತ್ತೆಗೂ ಮುದ್ದಾಗಬೇಕೆ? ಈ ತೊಗಟೆಗೆ ಕೈ ತಾಗಿದಷ್ಟೂ ಹೊಳಪು, ತಾಗದಿದ್ದರೆ ಒಣಕಲಾಗಿಯೇ ಉಳಿಯುತ್ತದೆ. ವರ್ಷ ಕಳೆದಂತೆ ಆ ಸೊಟ್ಟ ಬುಟ್ಟಿ ಕಪ್ಪಗೆ ಮಿರಮಿರ ಮಿಂಚತೊಡಗಿತು. "ತೋಮೆಯಮ್ಮನ ಬುಟ್ಟಿ ನೋಡ್ರೇ!" ಎಂದು ಯಾರಾದರೂ ಅಂದರೆ ನನ್ನ ಹೊಟ್ಟೆಯಲ್ಲಿ ಬೆಂಕಿ. ನನ್ನದೆಲ್ಲಿ ಎಂದು ಕೇಳಲು ಅಭಿಮಾನ ಬಿಡಲಿಲ್ಲ. ಒಲೆಗೆ ಹಾಕಿರಬೇಕು ಅಂದುಕೊಂಡೆ.

ಅತ್ತೆ ತೀರಿಹೋದ ಮೇಲೆ ಇಬ್ಬರೂ ಕೂತು ಅವರ ಪೆಟ್ಟಿಗೆ ಬಿಚ್ಚಿದೆವು. ಮದುವೆಯ ಕಿಮೋನೊದ ಅಡಿಯಲ್ಲಿ, ರೇಷ್ಮೆ ಬಟ್ಟೆಯಲ್ಲಿ ಸುತ್ತಿಟ್ಟ ನನ್ನ ಬುಟ್ಟಿ! ಕೊಟ್ಟ ದಿನ ಹೇಗಿತ್ತೋ ಹಾಗೇ ಇತ್ತು.

"ನೋಡಿದ್ಯಾ? ಒಂದ್ಸಲಾನೂ ಹೊರಗೆ ತೆಗ್ದಿಲ್ಲ ಮುದುಕಿ," ಅಂದೆ.

ಕಿವಾಳ ಮುಖ ಕೆಂಪೇರಿತು. "ಸಾಕು ಬಿಡೇ ಮಿನೇ, ನಿನ್ ಬಿನ್ನಾಣ! ನಿಂದು ರೇಷ್ಮೇಲಿ, ನಂದು ಮಣ್ಣಲ್ಲಿ. 'ಮಿನೇದು ಚೆಂದ ಇದೆ, ಹಾಳಾಗ್ಬಾರ್ದು. ನಿಂದಾದ್ರೆ ಹೋದ್ರೆ ಹೋಗ್ಲಿ' ಅಂತ ನನ್ ಮುಖಕ್ಕೇ ಅಂದಿದ್ರು. ನನ್ ಬುಟ್ಟಿಗೆ ಮೂಲಂಗಿ ತುಂಬಿದಾಗೆಲ್ಲ ಕರುಳು ಕಿತ್ತು ಬರ್ತಿತ್ತು ನಂಗೆ."

ಅಯ್ಯೋ, ಇಷ್ಟು ವರ್ಷ ಇವಳಿಗೂ ಹೊಟ್ಟೆಕಿಚ್ಚೇ! ಅದೂ ನನ್ನ ಮೇಲೆ! ಸುಳ್ಳೇಕೆ, ಒಂದು ಗಳಿಗೆ ಖುಷಿಯಾಯಿತು.

"ಹಾಗಿದ್ರೆ ಬದಲಾಯಿಸ್ಕೊಳ್ಳೋಣ. ನೀನು ಇದನ್ ತಗೋ, ಅದನ್ ನಂಗೆ ಕೊಡು," ಅಂದೆ.

ಕಿವಾ ಪಕ್ಕದಲ್ಲಿದ್ದ ತನ್ನ ಬುಟ್ಟಿಯನ್ನು ಎದೆಗವಚಿಕೊಂಡಳು. ಅತ್ತೆಯ ಬೆರಳು ಸವೆಸಿದ ಹಿಡಿಯನ್ನು ಮೆಲ್ಲಗೆ ಸವರಿದಳು.

"ಹೋಗೇ," ಅಂದಳು. "ಇದ್ರಲ್ಲಿ ಅತ್ತೆ ಕೈ ಇದೆ."

ನನ್ನದರಲ್ಲಿ ಯಾರ ಕೈಯೂ ಇರಲಿಲ್ಲ. ಮಾರನೆಯ ದಿನ ಅದನ್ನೇ ತೋಳಿಗೆ ಹಾಕಿಕೊಂಡು ಮೂಲಂಗಿ ಕೀಳಲು ಹೋದೆ. ನನಗೀಗ ಎಪ್ಪತ್ತು ದಾಟಿದೆ. ಅದು ಹೊಳೆಯುವ ಹೊತ್ತಿಗೆ ನಾನಿರುವುದಿಲ್ಲ.