ನಮ್ಮನೆಯವರ ಭುಜ

ನಮ್ಮನೆಯವರು ಕಟಿಂಗ್ ಶಾಪ್ ಇಟ್ಟುಕೊಂಡವರು. ಬಾಯಿಗೂ ಕತ್ತರಿಗೂ ಬಿಡುವೇ ಕೊಡದ ಮನುಷ್ಯ. ಅಂಥವರಿಗೆ ಹೋದ ವರ್ಷ ಬಲಭುಜ ಹಿಡಿದುಕೊಂಡಿತು. ಕೈ ಹೊಟ್ಟೆಮಟ್ಟ ದಾಟಿ ಮೇಲೇಳದು. ಡಾಕ್ಟರಿಗೆ ತೋರಿಸಿ ಎಂದರೆ, "ನಾಲ್ಕು ದಿನ ಆಡಿಸದೆ ಇಟ್ರೆ ತಾನೇ ಸರಿಹೋಗುತ್ತೆ" ಎಂದು ಕೈಯನ್ನು ಹೊಟ್ಟೆಗೆ ಅವಚಿಕೊಂಡು ಓಡಾಡಿದರು. ಹಠ ಅವರ ಹುಟ್ಟುಗುಣ.

ಅಂಗಡಿ ಮಾತ್ರ ಮುಚ್ಚಲಿಲ್ಲ. ಗಿರಾಕಿಗಳನ್ನು ಗಿಡ್ಡ ಸ್ಟೂಲಿನ ಮೇಲೆ ಕೂರಿಸಿದರು. ಎತ್ತರದವರು ಮೊಣಕಾಲನ್ನು ಗಲ್ಲಕ್ಕೆ ತಾಗಿಸಿಕೊಂಡು ಕೂತರು. ಆದರೂ ಇವರ ಕೈಗೆ ಎಟುಕಿದ್ದು ಕಿವಿಯ ಸುತ್ತಮುತ್ತ ಮಾತ್ರ. ಪಕ್ಕದಲ್ಲಿ ನುಣ್ಣಗೆ, ನೆತ್ತಿಯ ಮೇಲೆ ಪೊದೆ. ನಮ್ಮ ಬೀದಿಯ ಹುಡುಗರೆಲ್ಲ ಹಾಗೇ ತಿರುಗಾಡಿದರು, ಅದನ್ನು ನೋಡಿ ಪಕ್ಕದ ಬೀದಿಯವರೂ ಅದೇ ಬೇಕೆಂದು ಬಂದರು. ಇವರು ನೋವು ನುಂಗಿಕೊಂಡು, "ಹೊಸ ಸ್ಟೈಲು" ಎಂದು ಎಡಗೈಯಲ್ಲಿ ಮೀಸೆ ತಿರುವಿದರು. ನನಗೆ ನಗು ತಡೆಯಲಾಗಲಿಲ್ಲ.

ಕೊನೆಗೆ ಅಂಗಿಯನ್ನೂ ನಾನೇ ತೊಡಿಸಬೇಕಾಗಿ ಬಂದಾಗ ಆಸ್ಪತ್ರೆಗೆ ಎಳೆದುಕೊಂಡು ಹೋದೆ. ವ್ಯಾಯಾಮ ಹೇಳಿಕೊಡುವ ಡಾಕ್ಟರಮ್ಮ ಬಿಡಿಸಿ ಹೇಳಿದರು: "ಭುಜದ ಕೀಲಿನ ಸುತ್ತ ಒಂದು ತೆಳು ಚೀಲ ಇರುತ್ತೆ. ನಿಮಗೆ ಅದು ಊದಿಕೊಂಡು, ದಪ್ಪ ಆಗಿ, ಕುಗ್ಗಿದೆ. ಕೈ ಆಡಿಸದೆ ಇಟ್ಟಷ್ಟೂ ಬಿಗಿಯುತ್ತೆ. ಸಕ್ಕರೆ ಕಾಯಿಲೆ ಬೇರೆ ಇದೆ, ಅದೂ ಕುಮ್ಮಕ್ಕು ಕೊಡುತ್ತೆ."

"ವಾಸಿ ಆಗುತ್ತಾ?" ಎಂದೆ.

"ಆಗುತ್ತಮ್ಮ. ನಿಧಾನ. ವರ್ಷವೂ ಹಿಡೀಬಹುದು."

ಇವರ ಮುಖ ಸಪ್ಪಗಾಯಿತು. ಆದರೂ ಬೈದುಕೊಂಡೇ ಎಲ್ಲ ಮಾಡಿದರು. ಬಗ್ಗಿ ನಿಂತು ಕೈಯನ್ನು ಇಳಿಬಿಟ್ಟು ತೂಗಿದರು, ಗೋಡೆಯ ಮೇಲೆ ಬೆರಳುಗಳನ್ನು ಒಂದೊಂದಾಗಿ ನಡೆಸಿ ಹತ್ತಿಸಿದರು. ತಿಂಗಳುಗಳು ಕಳೆದವು. ನೋವು ಇಳಿಯಿತು, ಕೈ ಎದೆಮಟ್ಟಕ್ಕೆ ಬಂತು. ಅಲ್ಲಿಗೆ ಬಂದ ಕೂಡಲೇ, ಎಲ್ಲಿ ಚಳಕು ಹೊಡೆಯುತ್ತದೋ ಎಂದು ಹೆದರಿ ಇಳಿಸಿಬಿಡುತ್ತಿದ್ದರು.

"ಇನ್ನು ಇಷ್ಟೇ ಕಣೆ" ಎಂದರು ಒಂದು ದಿನ. "ಅರ್ಧ ತಲೆ ಕತ್ತರಿಸಿ ಪೂರ್ತಿ ದುಡ್ಡು ಈಸ್ಕೊಳ್ಳೋಕೆ ಮನಸ್ಸು ಒಪ್ಪಲ್ಲ. ಅಂಗಡಿ ಕೊಟ್ಟುಬಿಡ್ತೀನಿ."

ಅಂದು ನನಗೆ ಊಟ ಸೇರಲಿಲ್ಲ. ಇವರು ಇಡೀ ದಿನ ಮನೆಯಲ್ಲಿ ಕೂತು ನನ್ನ ತಲೆ ತಿನ್ನುವುದನ್ನು ಹೇಗೋ ಸಹಿಸಿಯೇನು. ಅಂಗಡಿಯಿಲ್ಲದ ಇವರ ಮುಖ ನೋಡುವುದು ನನ್ನಿಂದಾಗದು.

ಕೊಳ್ಳಲು ಬಂದವನು ಇದೇ ಕಸುಬಿನವನು, ಮಾರ್ಕೆಟ್ ಹತ್ತಿರ ಬೇರೊಬ್ಬರ ಅಂಗಡಿಯಲ್ಲಿ ಕೆಲಸಕ್ಕಿದ್ದ. ಇವರ ಭುಜದ ಸುದ್ದಿ ಕೇಳಿಯೇ ಬಂದಿದ್ದ. ನಾನು ಚಹಾ ಹಿಡಿದು ಹೋದಾಗ ಕುರ್ಚಿ ತಿರುಗಿಸಿ, ನಲ್ಲಿ ಬಿಟ್ಟು ಪರೀಕ್ಷೆ ಮಾಡುತ್ತಿದ್ದ. ಇವರು ಕನ್ನಡಿಯ ಪಕ್ಕ ನಿಂತು ಎಡಗೈಯಲ್ಲಿ ಕತ್ತರಿ ಒರೆಸುತ್ತಿದ್ದರು.

"ಕನ್ನಡಿ ಚೌಕಟ್ಟು ಮೇಲ್ಗಡೆ ಹುಳ ಹಿಡಿದ ಹಾಗಿದೆಯಲ್ಲಣ್ಣ" ಎಂದ.

ಇವರಿಗೆ ಎಲ್ಲಿತ್ತೋ ಕೋಪ. "ಹುಳ? ಅದು ತೇಗದ ಮರ. ತಟ್ಟಿ ನೋಡು, ಹೀಗೆ" ಎಂದು ತಲೆಗಿಂತ ಎತ್ತರದಲ್ಲಿದ್ದ ಕನ್ನಡಿಯ ನೆತ್ತಿಯನ್ನು ಗೆಣ್ಣಿನಿಂದ ಟಕ್ ಟಕ್ ಎಂದು ಕುಟ್ಟಿದರು. ಬಲಗೈಯಿಂದ.

ಕುಟ್ಟಿದ ಕೈ ಅಲ್ಲೇ ನಿಂತಿತು. ಇವರು ಅದನ್ನೇ ನೋಡಿದರು. ನನಗೆ ಖುಷಿ ತಡೆಯಲಾಗದೆ ಅಳು ಬಂತು, ತಟ್ಟೆಯ ಮೇಲೆಲ್ಲ ಚಹಾ ಚೆಲ್ಲಿತು. ಬಂದವನು ಒಮ್ಮೆ ಆ ಕೈ, ಒಮ್ಮೆ ನನ್ನ ಮುಖ ನೋಡಿದ. ದಡ್ಡನಲ್ಲ. ಸುಮ್ಮನೆ ಹೋಗಿ ಕುರ್ಚಿಯಲ್ಲಿ ಕೂತ.

"ನನ್ನ ತಲೆ ನಾನೇ ಕತ್ತರಿಸ್ಕೊಳ್ಳೋಕೆ ಆಗಲ್ವಲ್ಲಣ್ಣ" ಎಂದ. "ಬಂದದ್ದಂತೂ ಬಂದೆ. ಮೇಲ್ಗಡೆ ಸ್ವಲ್ಪ ಸಣ್ಣಗೆ ಮಾಡು."